ಬಾರ್ಬಡೋಸ್‌ನಲ್ಲಿ ಸಂಸಾರ ಹೂಡುವುದು ಹೇಗಿರುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಯಜಮಾನರಿಗೆ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್‌ನಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ, ಆರು ವರ್ಷದ ಮಗ ಇದ್ದಾನೆ, ನೀವು ಸಸ್ಯಾಹಾರಿಗಳು. ಹೋಗಬಹುದಾ, ಅಲ್ಲಿ ದಿನ ಹೇಗೆ ಕಳೆಯುತ್ತದೆ? ನಾನು ಕಲಬುರಗಿಯವಳು. ನಮ್ಮ ಮನೆಯವರು ಇಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾರೆ. 2019ರ ಆಗಸ್ಟ್‌ನಲ್ಲಿ ಬಂದೆವು. ನಾವೂ ಎರಡೇ ವರ್ಷ ಅಂತ ಬಂದವರು, ಇನ್ನೂ ಇದ್ದೇವೆ.

ಎಲ್ಲಕ್ಕಿಂತ ಮೊದಲು ಮಿಕ್ಸಿ ವಿಷಯ ಹೇಳಿಬಿಡುತ್ತೇನೆ. ತರಬೇಡಿ. ನಮ್ಮಲ್ಲಿ ಕರೆಂಟು 230 ವೋಲ್ಟ್, ಇಲ್ಲಿ 115. ನಾನು ಮದುವೆಯಲ್ಲಿ ಬಂದ ಮಿಕ್ಸಿಯನ್ನು ಹಳೇ ಸೀರೆಯಲ್ಲಿ ಸುತ್ತಿ, ಎರಡು ವಿಮಾನ ಬದಲಿಸಿ ಹೊತ್ತು ತಂದೆ. ಶೇಂಗಾ ಚಟ್ನಿಗೆ ಅಂತ ಸ್ವಿಚ್ ಹಾಕಿದರೆ ಮುದುಕರು ಗೊಣಗಿದ ಹಾಗೆ ಗೊಣಗಿತು. ಶೇಂಗಾ ಜಾರಿನೊಳಗೆ ವಾಕಿಂಗ್ ಹೊರಟವು, ಪುಡಿಯಾಗಲಿಲ್ಲ. ಆಮೇಲೆ ಅಮೆರಿಕದಲ್ಲಿರುವ ತಂಗಿ ಅಲ್ಲಿಯ ಗ್ರೈಂಡರ್ ಕಳಿಸಿದಳು. ವೋಲ್ಟೇಜ್ ಹೊಂದಿತು, ಆದರೆ ಅಲ್ಲಿ 60 ಹರ್ಟ್ಸ್, ಇಲ್ಲಿ 50. ಕಲ್ಲು ನಿಧಾನಕ್ಕೆ ತಿರುಗುತ್ತದೆ, ಮೋಟಾರು ಬೇಗ ಬಿಸಿಯಾಗುತ್ತದೆ. ಅರ್ಧ ರುಬ್ಬಿ, ನಿಲ್ಲಿಸಿ, ಚಹಾ ಕುಡಿದು, ಮತ್ತೆ ರುಬ್ಬುತ್ತೇನೆ. ಕುಕ್ಕರ್ ಮಾತ್ರ ಖಂಡಿತ ತನ್ನಿ. ಗ್ಯಾಸ್ಕೆಟ್ ನಾಲ್ಕು ಜಾಸ್ತಿಯೇ ಇರಲಿ.

ಇಡ್ಲಿ ಹಿಟ್ಟು ಹುದುಗುತ್ತಾ ಅಂತ ಚಿಂತೆ ಬೇಡ. ಇಲ್ಲಿ ವರ್ಷವಿಡೀ ಸೆಕೆ. ರಾತ್ರಿ ಹತ್ತಕ್ಕೆ ಮುಚ್ಚಿಟ್ಟರೆ ಬೆಳಗ್ಗೆ ಐದಕ್ಕೆ ಪಾತ್ರೆ ದಾಟಿ ಕಟ್ಟೆ ಮೇಲೆ ಬಂದಿರುತ್ತದೆ. ಗಯಾನಾದ ಕುಸುಬಲಕ್ಕಿ ಸಿಗುತ್ತದೆ, ಅದು ಇಡ್ಲಿಗೆ ಚೆನ್ನಾಗಿ ಹೊಂದುತ್ತದೆ.

ಇನ್ನು ದುಡ್ಡು. ದುಬಾರಿ ಊರು, ಇದನ್ನು ಮೆತ್ತಗೆ ಹೇಳಲು ಆಗುವುದಿಲ್ಲ. ಇಡೀ ದೇಶ 432 ಚದರ ಕಿಲೋಮೀಟರ್, ಬೆಂಗಳೂರಿಗಿಂತ ಚಿಕ್ಕದು. ಜನ ಮೂರು ಲಕ್ಷಕ್ಕಿಂತ ಕಡಿಮೆ. ತಿನ್ನುವುದು, ಉಡುವುದು, ಓಡಿಸುವುದು, ಬಹುಪಾಲು ಎಲ್ಲಾ ಹಡಗಿನಲ್ಲಿ ಬರಬೇಕು. ಅದರ ಮೇಲೆ ಸುಂಕ, ಆಮೇಲೆ 17.5% ವ್ಯಾಟ್. ಎರಡು ಬಾರ್ಬಡೋಸ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್, 1975ರಿಂದ ಈ ದರ ಕದಲಿಲ್ಲ. ಆದ್ದರಿಂದ ಒಂದು ಕೆಲಸ ಇವತ್ತೇ ಮಾಡಿ. ಆಫರ್ ಲೆಟರ್ ತೆಗೆದು, ಸಂಬಳ ಯಾವ ಡಾಲರ್‌ನಲ್ಲಿ ಬರೆದಿದ್ದಾರೆ ನೋಡಿ. ಬರೀ 'ಡಾಲರ್' ಅಂತ ಇದ್ದರೆ ಕೇಳಿ ಬರೆಸಿಕೊಳ್ಳಿ. ನಮ್ಮ ಪರಿಚಯದವರೊಬ್ಬರಿಗೆ ಇಲ್ಲಿ ಇಳಿದ ಮೇಲೆ ಗೊತ್ತಾಯಿತು, ಅವರು ಲೆಕ್ಕ ಹಾಕಿದ್ದರಲ್ಲಿ ಕೈಗೆ ಬಂದದ್ದು ಅರ್ಧ ಅಂತ.

ಮೊದಲ ವರ್ಷ ನಾವು ಸೂಪರ್‌ಮಾರ್ಕೆಟಿನಲ್ಲೇ ಬದುಕಿದೆವು. ಹೂಕೋಸಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿ, ವಾಪಸ್ ಇಟ್ಟು ಬರುವುದು. ಮತ್ತೊಂದು ವಾರ ಅದನ್ನೇ ತೆಗೆದುಕೊಂಡು, ಮನೆಯಲ್ಲಿ ಯಾರೂ ಮಾತಾಡದೆ ತಿನ್ನುವುದು. ತೊಗರಿಬೇಳೆಯ ಸಣ್ಣ ಪ್ಯಾಕೆಟ್ ನೋಡಿದಾಗಂತೂ ಹೊಟ್ಟೆ ಉರಿಯುತ್ತಿತ್ತು. ತೊಗರಿಯ ಕಣಜ ಅನಿಸಿಕೊಂಡ ಊರಿನವಳು ನಾನು, ಅಲ್ವಾ?

ಆ ಡಿಸೆಂಬರ್‌ನಲ್ಲಿ ಒಂದು ದಿನ ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಮನೆಯ ಆಂಟಿಗೆ ಎಪ್ಪತ್ತು ದಾಟಿದೆ, ಒಬ್ಬರೇ ಇರುವುದು. ಬೇಲಿಯ ಹತ್ತಿರ ನಿಂತು ಗಿಡದಿಂದ ಏನೋ ಬಿಡಿಸಿ ಬಟ್ಟಲಿಗೆ ಹಾಕುತ್ತಿದ್ದರು. ನಾಲ್ಕು ತಿಂಗಳು ಆ ಗಿಡದ ಪಕ್ಕದಲ್ಲೇ ಓಡಾಡಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಹಳದಿ ಹೂವು, ಹಸಿರು ಕಾಯಿ. ತೊಗರಿ! 'ಆಂಟಿ, ಇದು ನಮ್ಮೂರ ಗಿಡ' ಅಂದೆ. ಅವರು ನಕ್ಕು, 'ಇಲ್ಲ ಮಗಳೇ, ಇದು ನಮ್ಮ ಅಜ್ಜಿ ಕಾಲದಿಂದ ಇಲ್ಲೇ ಇದೆ' ಅಂದರು. ಇವರು ಬೇಳೆ ಮಾಡುವುದಿಲ್ಲ. ಹಸಿ ಕಾಳನ್ನೇ ಅನ್ನಕ್ಕೆ ಹಾಕಿ ಬೇಯಿಸುತ್ತಾರೆ. ಕ್ರಿಸ್‌ಮಸ್‌ಗೆ ಜಗ್-ಜಗ್ ಅಂತ ಒಂದು ಅಡುಗೆ ಇದೆ. ಅದರಲ್ಲಿ ಏನೇನು ಹಾಕುತ್ತಾರೆ ಅಂತ ಕೇಳಿ ನಾನು ಅಲ್ಲೇ ಕೂತುಬಿಟ್ಟೆ. ತೊಗರಿಕಾಳು, ಉಪ್ಪು ಹಚ್ಚಿದ ಮಾಂಸ, ಗಿನಿ ಕಾರ್ನ್ ಹಿಟ್ಟು. ಗಿನಿ ಕಾರ್ನ್ ಅಂದರೆ ನಮ್ಮ ಜೋಳ. ಕಲಬುರಗಿಯ ಹೊಲದಲ್ಲಿ ಇರುವ ಎರಡು ಬೆಳೆ ಅವರ ಹಬ್ಬದ ಪಾತ್ರೆಯಲ್ಲಿ.

ಹೇಗೆ ಬಂತು ಅಂದರೆ, ಜೋಳ ಮೂಲತಃ ಆಫ್ರಿಕಾದ್ದು, ನಮಗೂ ಅಲ್ಲಿಂದಲೇ ಬಂದದ್ದು. ತೊಗರಿ ನಮ್ಮ ಕಡೆಯಿಂದ ಆಫ್ರಿಕಾಕ್ಕೆ ಹೋಯಿತು. ಆಮೇಲೆ ಗುಲಾಮರನ್ನು ತುಂಬಿದ ಹಡಗುಗಳ ಜೊತೆ ಎರಡೂ ಈ ದಡಕ್ಕೆ ಬಂದವು. ಆಂಟಿಯ ಹಿರಿಯರು ಕಬ್ಬಿನ ಗದ್ದೆಗೆ ಬಂದ ಕಥೆಯೂ ಅದೇ. ಹಾಗಾಗಿ 'ನಮ್ಮೂರ ಗಿಡ' ಅನ್ನುವ ಮಾತನ್ನು ಆಮೇಲೆ ಅವರ ಮುಂದೆ ಆಡಲಿಲ್ಲ.

ಆ ವರ್ಷ ಮಾಂಸ ಹಾಕದ ಜಗ್-ಜಗ್ ಅನ್ನು ನಮಗಾಗಿ ಬೇರೆ ಬಟ್ಟಲಲ್ಲಿ ಕೊಟ್ಟರು. ಮಿಕ್ಕ ಜೋಳದ ಹಿಟ್ಟನ್ನೂ ಕೊಟ್ಟರು. ಎಸರು ಕಾಯಿಸಿ, ನಾದಿ, ರೊಟ್ಟಿ ಬಡಿಯಲು ಕೂತೆ. ಹಿಟ್ಟು ಹಳೆಯದು, ಜಿಗಿ ಇರಲಿಲ್ಲ. ಮೂರೂ ರೊಟ್ಟಿ ಅಂಚಿನಲ್ಲಿ ಬಿರಿದು ಭೂಪಟದ ಹಾಗೆ ಆದವು. ಆಂಟಿ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಚೂರುಗಳನ್ನೇ ಮೊಸರಲ್ಲಿ ಅದ್ದಿ ಇಬ್ಬರೂ ತಿಂದೆವು.

ತೊಗರಿ, ಜೋಳ ಆದ ಮೇಲೆ ಇಲ್ಲಿ ಸಿಕ್ಕ ಮೂರನೆಯದು ಪುಂಡಿ. ಕ್ರಿಸ್‌ಮಸ್ ಹತ್ತಿರ ಬಂದರೆ ಇಲ್ಲಿ ಎಲ್ಲರ ಮನೆಯಲ್ಲೂ ಸಾರೆಲ್ ಅನ್ನುವ ಕೆಂಪು ಪಾನಕ. ಶುಂಠಿ, ಲವಂಗ ಹಾಕಿ ಕುದಿಸುತ್ತಾರೆ. ಚೀಪ್‌ಸೈಡ್ ಮಾರ್ಕೆಟಿನಲ್ಲಿ ಆ ಕೆಂಪು ಹೂತೊಟ್ಟುಗಳ ರಾಶಿ ನೋಡಿದ ಕೂಡಲೇ ಗೊತ್ತಾಯಿತು, ಇದು ಪುಂಡಿ ಜಾತಿಯ ಗಿಡವೇ. ಸೊಪ್ಪು ಎಲ್ಲಿ ಅಂತ ಕೇಳಿದರೆ ಮಾರುವ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡಿದಳು. ಸೊಪ್ಪನ್ನು ಹೊಲದಲ್ಲೇ ಬಿಡುತ್ತಾರಂತೆ. ಮುಂದಿನ ಶನಿವಾರ ಒಂದು ಚೀಲ ತಂದುಕೊಟ್ಟಳು, ದುಡ್ಡು ತೆಗೆದುಕೊಳ್ಳಲಿಲ್ಲ. 'ಕಸಕ್ಕೆ ಯಾರು ದುಡ್ಡು ತೆಗೆದುಕೊಳ್ಳುತ್ತಾರೆ' ಅಂದಳು. ಈಗ ಅವಳಿಗೂ ಪುಂಡಿಪಲ್ಯದ ರುಚಿ ಹತ್ತಿದೆ, ಹಾಗಾಗಿ ದುಡ್ಡೂ ತೆಗೆದುಕೊಳ್ಳುತ್ತಾಳೆ.

ಶನಿವಾರ ಬೆಳಗ್ಗೆ ಆ ಮಾರ್ಕೆಟ್‌ಗೆ ಹೋಗಲು ಶುರು ಮಾಡಿದ ಮೇಲೆ ನಮ್ಮ ಖರ್ಚೂ ಇಳಿಯಿತು, ಗೊಣಗಾಟವೂ ಇಳಿಯಿತು. ಬೆಂಡೆ, ಕುಂಬಳ, ಗೆಣಸು, ಜೀಗುಜ್ಜೆ, ಹುಣಸೆ, ಅಮಟೆಕಾಯಿ, ಎಲ್ಲಾ ಇದೆ. ಇವರ ರಾಷ್ಟ್ರೀಯ ಊಟ ಕೂ-ಕೂ ಮತ್ತು ಹಾರುವ ಮೀನು. ಮೀನು ಬಿಡಿ. ಕೂ-ಕೂ ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿ ಬೇಯಿಸಿದ ನೀರಿನಲ್ಲಿ ತಿರುವಿದ ಮುದ್ದೆ. ತಿರುವಲು ಚಪ್ಪಟೆ ಮರದ ಕೋಲು ಕೂಡ ಇದೆ. ಸಸ್ಯಾಹಾರಿ ಅಂದರೆ 'ಚಿಕನ್ ತಿನ್ನಬಹುದಲ್ವಾ?' ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಹೊರಗೆ ತಿನ್ನಬೇಕಾದರೆ ರಾಸ್ತಾಫಾರಿ ಅನ್ನುವ ಪಂಥದ ಜನರ ಐಟಲ್ ಊಟದ, ಅಂದರೆ ಮಾಂಸ ಹಾಕದ ಊಟದ ಅಂಗಡಿ ಹುಡುಕಿ. ಇಲ್ಲವೇ ಕಡಲೆ-ಆಲೂಗಡ್ಡೆ ತುಂಬಿದ ರೋಟಿ ಕೇಳಿ. ರೋಟಿ ಅಂದರೆ ಇಲ್ಲಿ ಪಲ್ಯವನ್ನು ಒಳಗಿಟ್ಟು ಮಡಿಸಿದ ದೊಡ್ಡ ಪೊಟ್ಟಣ.

ಎಲ್ಲಿಗೇ ಕಾಲಿಟ್ಟರೂ ಮೊದಲು 'ಗುಡ್ ಮಾರ್ನಿಂಗ್' ಹೇಳಿ. ಬಸ್ಸು, ಬ್ಯಾಂಕು, ಅಂಗಡಿ, ಡಾಕ್ಟರ ಕೋಣೆ, ಎಲ್ಲಿದ್ದರೂ. ಬಂದ ಹೊಸದರಲ್ಲಿ ಒಂದು ಅಂಗಡಿಯಲ್ಲಿ ಸೀದಾ 'ಹಾಲು ಎಲ್ಲಿದೆ?' ಅಂದೆ. ಕೌಂಟರಿನ ಅಜ್ಜಿ ನನ್ನನ್ನೇ ನೋಡಿ ನಿಧಾನವಾಗಿ 'ಗುಡ್ ಮಾರ್ನಿಂಗ್' ಅಂದರು. ನಾನು ತಿರುಗಿ ಹೇಳುವವರೆಗೂ ಹಾಲಿನ ಮಾತೇ ಇಲ್ಲ. ಕೆಲಸ ಮಾತ್ರ ಎಲ್ಲೆಡೆ ನಿಧಾನ. ಒಂದು ಕಚೇರಿಯಲ್ಲಿ ನಮ್ಮ ಪಾರ್ಸೆಲ್ ಆರು ವಾರ ಕೂತಿತ್ತು. ಐದು ಸಲ ಹೋದೆ. ಕೂಗಾಡಿದ ದಿನ ಕೆಲಸ ಆಗಲಿಲ್ಲ, ಆರೋಗ್ಯ ವಿಚಾರಿಸಿದ ದಿನ ಆಯಿತು.

ಬಸ್ಸು ಮೂರು ಥರ. ಸರ್ಕಾರಿ ನೀಲಿ ಬಸ್, ಖಾಸಗಿ ಹಳದಿ ಮಿನಿಬಸ್, ಮತ್ತೆ ಝಡ್‌ಆರ್ ಅನ್ನುವ ಬಿಳಿ ವ್ಯಾನು. ಟಿಕೆಟ್ 3.50 ಬಾರ್ಬಡೋಸ್ ಡಾಲರ್, ಒಂದು ಸ್ಟಾಪಿಗೂ ಅಷ್ಟೇ, ದ್ವೀಪದ ಆ ತುದಿಗೂ ಅಷ್ಟೇ. ಸರ್ಕಾರಿ ಬಸ್ಸಿಗೆ ಸರಿಯಾಗಿ ಚಿಲ್ಲರೆ ಇಟ್ಟುಕೊಳ್ಳಿ. ಝಡ್‌ಆರ್ ನಮ್ಮ ಊರ ಟಂಟಂ ಇದ್ದ ಹಾಗೆ, ತುಂಬಿದ ಮೇಲೂ ಇನ್ನೊಬ್ಬರಿಗೆ ಜಾಗ ಇರುತ್ತದೆ. ಹಾಡಿನ ಸದ್ದಿಗೆ ಎದೆ ನಡುಗುತ್ತದೆ. ಮಗನಿಗೆ ಅದೇ ಇಷ್ಟ ಆಗುತ್ತದೆ ನೋಡಿ.

ಮಗನ ವಿಷಯ ಬಂತಲ್ಲ, ಎರಡು ಎಚ್ಚರಿಕೆ. ಮಿಲಿಟರಿ ಡಿಸೈನಿನ ಚಡ್ಡಿ, ಟೋಪಿ, ಬ್ಯಾಗ್ ಯಾವುದೂ ತರಬೇಡಿ. ಇಲ್ಲಿ ಕಾನೂನು ಪ್ರಕಾರ ಅದು ಸೈನ್ಯದವರಿಗೆ ಮಾತ್ರ, ಮಕ್ಕಳಿಗೂ ವಿನಾಯಿತಿ ಇಲ್ಲ. ಎರಡನೆಯದು ಮ್ಯಾಂಚಿನೀಲ್ ಮರ. ಬೀಚಿನ ಅಂಚಿನಲ್ಲೇ ಬೆಳೆಯುತ್ತದೆ, ಸಣ್ಣ ಹಸಿರು ಸೇಬಿನಂಥ ಹಣ್ಣು ಬಿಡುತ್ತದೆ. ವಿಷ. ಮಳೆ ಬಂದಾಗ ಅದರಡಿ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರಿಗೇ ಮೈ ಬೊಬ್ಬೆ ಬರುತ್ತದೆ. ಹಲವು ಕಡೆ ಕಾಂಡಕ್ಕೆ ಕೆಂಪು ಪಟ್ಟೆ ಬಳಿದಿರುತ್ತಾರೆ. ಮೊದಲ ದಿನವೇ ತೋರಿಸಿಬಿಡಿ. ಈಜಲು ಪಶ್ಚಿಮದ ಕಡಲು. ಪೂರ್ವದ ಬಾತ್‌ಶೀಬಾ ಕಡೆ ಅಟ್ಲಾಂಟಿಕ್ ಜೋರು, ಅಲ್ಲಿ ದಡದಲ್ಲಿ ಕೂತು ನೋಡಿದರೆ ಸಾಕು.

ಗಾಳಿಯ ಕಾಲ ಜೂನ್ 1ರಿಂದ ನವೆಂಬರ್ 30. ಬಂದವರಿಗೆಲ್ಲ 'ಬಾರ್ಬಡೋಸ್ ಪೂರ್ವಕ್ಕಿದೆ, ಚಂಡಮಾರುತ ತಪ್ಪಿಸಿಕೊಂಡು ಹೋಗುತ್ತೆ' ಅನ್ನುತ್ತಾರೆ. ನಮಗೂ ಅಂದರು. ಆದರೆ ಗಾಳಿಗೂ ಮೊದಲು, 2021ರ ಏಪ್ರಿಲ್‌ನಲ್ಲಿ ಪಕ್ಕದ ಸೇಂಟ್ ವಿನ್ಸೆಂಟ್ ದ್ವೀಪದ ಜ್ವಾಲಾಮುಖಿ ಸಿಡಿದು ಅದರ ಬೂದಿ ನಮ್ಮ ಅಂಗಳಕ್ಕೆ ಬಿತ್ತು. ಹಗಲಲ್ಲೇ ದೀಪ ಹಾಕಿದೆವು, ಎಷ್ಟು ದಿನ ಗುಡಿಸಿದರೂ ಕಾಲಿಗೆ ಸಿಮೆಂಟ್ ಹತ್ತಿದ ಹಾಗೆ. ಅದೇ ವರ್ಷ ಜುಲೈ 2ಕ್ಕೆ ಎಲ್ಸಾ ಬಂತು. 1955ರ ಜಾನೆಟ್ ಆದ ಮೇಲೆ ಈ ದ್ವೀಪಕ್ಕೆ ಬಡಿದ ಮೊದಲ ಹರಿಕೇನ್. ಎಷ್ಟೋ ಮನೆಗಳ ಛಾವಣಿ ಹಾರಿತು.

ಆದರೆ ನಾನು ಮರೆಯದ ಮೂರು ದಿನ ಬೇರೆ. 2024ರ ಜೂನ್ 29, ಶನಿವಾರ. ಟಿ20 ವಿಶ್ವಕಪ್ ಫೈನಲ್ ನಮ್ಮ ಮಾರ್ಕೆಟಿಗೆ ಹತ್ತಿರದಲ್ಲೇ ಇರುವ ಕೆನ್ಸಿಂಗ್ಟನ್ ಓವಲ್‌ನಲ್ಲಿ. ಬೆಳಗ್ಗೆ ಹತ್ತೂವರೆಗೆ ಆಟ. ಬ್ರಿಜ್‌ಟೌನ್‌ನ ಗುಜರಾತಿ ಬಟ್ಟೆ ವ್ಯಾಪಾರಿಗಳ ಕುಟುಂಬಗಳೂ ಬಂದಿದ್ದವು, ಅವರ ಹಿರಿಯರು ಸುಮಾರು ನೂರು ವರ್ಷದ ಹಿಂದೆ ಸೂಟ್‌ಕೇಸ್ ಹಿಡಿದು ಮನೆಮನೆಗೆ ಬಟ್ಟೆ ಮಾರಿದವರು. 7 ರನ್‌ಗೆ ಗೆದ್ದೆವು. ದ್ರಾವಿಡ್ ಕಪ್ ಹಿಡಿದು ಕೂಗಿದರಲ್ಲ, ಆಗ ನಮ್ಮ ಮನೆಯವರು ಅತ್ತೇಬಿಟ್ಟರು. 1997ರಲ್ಲಿ ಇದೇ ಮೈದಾನದಲ್ಲಿ ಗೆಲ್ಲಲು 120 ಬೇಕಿದ್ದಾಗ ಭಾರತ 81ಕ್ಕೆ ಆಲೌಟ್ ಆಗಿತ್ತು, ಆ ತಂಡದಲ್ಲಿ ದ್ರಾವಿಡ್ ಇದ್ದರು. ಅದನ್ನು ರೇಡಿಯೋ ಹಿಡಿದು ಕೇಳಿದ್ದ ನೋವು ಇವರಿಗೆ ಅಷ್ಟು ವರ್ಷ ಇತ್ತಂತೆ!

ಭಾನುವಾರ ಅದೇ ನೀಲಿ ಜೆರ್ಸಿ ಹಾಕಿಕೊಂಡು ನೀರಿನ ಕ್ಯಾನಿಗೆ ಕ್ಯೂ ನಿಂತೆವು. ಬೆರಿಲ್ ಚಂಡಮಾರುತ ಬರುತ್ತಿತ್ತು. ಆಂಟಿಯ ಕಿಟಕಿಗಳಿಗೆ ಹಲಗೆ ಹೊಡೆದು, ಅವರನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆವು. ಸೋಮವಾರ ಬೆಳಗ್ಗೆ ಅದು ದಕ್ಷಿಣಕ್ಕೆ ಸರಿದುಹೋಯಿತು. ನಮ್ಮ ಮನೆಗೆ ಏನೂ ಆಗಲಿಲ್ಲ, ಆದರೆ ಬ್ರಿಜ್‌ಟೌನ್‌ನ ಮೀನುಗಾರರ ದೋಣಿಗಳು ಒಂದರ ಮೇಲೊಂದು ಬಿದ್ದು ಒಡೆದವು. ಗ್ರೆನಡಾದ ಕಾರಿಯಾಕೂ ದ್ವೀಪವನ್ನಂತೂ ನೆಲಸಮ ಮಾಡಿತು. ಏರ್‌ಪೋರ್ಟ್ ಮುಚ್ಚಿ, ಕಪ್ ಗೆದ್ದ ತಂಡವೂ ನಮ್ಮ ಹಾಗೆ ಇಲ್ಲೇ ಸಿಕ್ಕಿಹಾಕಿಕೊಂಡಿತ್ತು. 3ನೇ ತಾರೀಖು ವಿಶೇಷ ವಿಮಾನ ಬಂದು ಕರೆದುಕೊಂಡು ಹೋಯಿತು. ಆಂಟಿ ಮಾತ್ರ ಮತ್ತೆರಡು ದಿನ ನಮ್ಮಲ್ಲೇ ಇದ್ದರು.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ಕೆಲಸ ಅವರಿಗೆ, ಬೇಜಾರು ನಿಮಗೆ. ವರ್ಕ್ ಪರ್ಮಿಟ್ ಅವರ ಹೆಸರಿಗೆ ಬರುತ್ತದೆ. ನೀವು ದುಡಿಯಬೇಕಾದರೆ ನಿಮಗೇ ಬೇರೆ ಬೇಕು. ನಾನು ಕಲಬುರಗಿಯಲ್ಲಿ ಒಂಬತ್ತು ವರ್ಷ ಹೈಸ್ಕೂಲ್ ಟೀಚರ್ ಆಗಿದ್ದೆ. ಇಲ್ಲಿ ಮೊದಲ ಆರು ತಿಂಗಳು, ಮಗಳು ಶಾಲೆಗೆ ಹೋದ ಮೇಲೆ ಸುಮ್ನೆ ಗೋಡೆ ನೋಡುತ್ತಿದ್ದೆ. ಭಾರತ ಒಂಬತ್ತೂವರೆ ಗಂಟೆ ಮುಂದೆ. ನನಗೆ ಮಾತಾಡಬೇಕು ಅನಿಸುವ ಮಧ್ಯಾಹ್ನ ಮೂರಕ್ಕೆ ಅಲ್ಲಿ ನಡುರಾತ್ರಿ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಅವ್ವ ಬೆಳಗಿನ ಚಹಾ ಸೋಸುತ್ತಿರುತ್ತಾಳೆ. ಈಗ ಅದೇ ನಮ್ಮ ಹೊತ್ತು. ಕನ್ನಡದವರು ನನಗೆ ಗೊತ್ತಿರುವುದು ಐದಾರು ಮನೆ ಅಷ್ಟೇ. ಯುಗಾದಿಗೆ ಸೇರುತ್ತೇವೆ. ಬೇವಿಗೆ ಕೊರತೆ ಇಲ್ಲ, ರಸ್ತೆ ಬದಿಯಲ್ಲೇ ಮರ ಇವೆ.

ನನ್ನ ಅಭಿಪ್ರಾಯ ಕೇಳಿದರೆ, ಬನ್ನಿ. ಆದರೆ ನೀವು ಏನು ಮಾಡುತ್ತೀರಿ ಅನ್ನುವುದನ್ನು ವಿಮಾನ ಹತ್ತುವ ಮೊದಲೇ ಇಬ್ಬರೂ ಕೂತು ಮಾತಾಡಿ. ಟಿಕೆಟ್ ತೆಗೆಯುವಾಗಲೂ ಹುಷಾರು. ಭಾರತದಿಂದ ನೇರ ವಿಮಾನ ಇಲ್ಲ. ಅಮೆರಿಕದ ಮೇಲೆ ಬಂದರೆ ಬರೀ ವಿಮಾನ ಬದಲಿಸಲೂ ವೀಸಾ ಬೇಕು, ಲಂಡನ್ ದಾರಿಗೂ ಟ್ರಾನ್ಸಿಟ್ ವೀಸಾ ನಿಯಮ ಇದೆ. ಮೊದಲು ಅದನ್ನು ನೋಡಿ, ಆಮೇಲೆ ಟಿಕೆಟ್.

ಸೂಟ್‌ಕೇಸಿನಲ್ಲಿ ಮಿಕ್ಸಿ ಇಡಬೇಕೆಂದಿದ್ದ ಜಾಗಕ್ಕೆ ಹೊಸದಾಗಿ ಬೀಸಿದ ಜೋಳದ ಹಿಟ್ಟು ಎರಡು ಕಿಲೋ ತುಂಬಿ, ಇಳಿದಾಗ ಕಸ್ಟಮ್ಸ್‌ನಲ್ಲಿ ಹೇಳಿಬಿಡಿ. ಡಿಸೆಂಬರ್ ಒಳಗೆ ಬಂದರೆ ಪುಂಡಿಸೊಪ್ಪು ನಾನು ಕೊಡುತ್ತೇನೆ.