‘ಸೋಲ್ ಮಕೋಸಾ’ದ ಹದಿನಾಲ್ಕು ಕವರ್‌ಗಳು: ಧಾರವಾಡದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಧಾರವಾಡದಿಂದ ತಾವು ಬರೆದ ಎಂಟು ಪುಟಗಳ ಪತ್ರ ಕೈಸೇರಿ ಮೂರು ವಾರಗಳಾದವು. ತಾವು ಪಟ್ಟಿ ಮಾಡಿ ಕಳಿಸಿದ ಹದಿನಾಲ್ಕು ಧ್ವನಿಮುದ್ರಣಗಳಲ್ಲಿ ಸಿಕ್ಕಷ್ಟನ್ನಾದರೂ ಕೇಳದೆ ಉತ್ತರ ಬರೆಯುವುದು ಸರಿಯಲ್ಲವೆನಿಸಿ ಇಷ್ಟು ತಡವಾಯಿತು, ಮನ್ನಿಸಬೇಕು.

ಇತರ ಓದುಗರ ಅನುಕೂಲಕ್ಕಾಗಿ ಪತ್ರದ ಸಾರವನ್ನು ಹೇಳಿಬಿಡುತ್ತೇನೆ. ಎರಡು ತಿಂಗಳ ಹಿಂದೆ ನಮ್ಮ ಸಂಗೀತ ಪುಟದಲ್ಲಿ ‘ಸೋಲ್ ಮಕೋಸಾ’ ಎಂಬ ಆಫ್ರಿಕನ್ ಫಂಕ್ (ತಾಳವೇ ಮುಂದಾದ ಕುಣಿತದ ಸಂಗೀತ) ಹಾಡಿನ ಬಗ್ಗೆ ಒಂದು ಟಿಪ್ಪಣಿ ಬಂದಿತ್ತು. ಹಾಡು ನೈಜೀರಿಯಾದ್ದೆಂದೂ, ಅದರಲ್ಲಿ ಮತ್ತೆ ಮತ್ತೆ ಬರುವ ಸಾಲು ಸ್ವಾಹಿಲಿ ಭಾಷೆಯದೆಂದೂ, 1973ರಲ್ಲಿ ಅಮೆರಿಕದಲ್ಲಿ ಸಾಲುಗಟ್ಟಿ ಬಂದ ಅದರ ಇತರ ಧ್ವನಿಮುದ್ರಣಗಳೆಲ್ಲ ‘ಮಾರುಕಟ್ಟೆಯ ನಕಲು’ಗಳೆಂದೂ ಅದರಲ್ಲಿ ಬರೆದಿತ್ತು. ಹನ್ನೊಂದು ವರ್ಷಗಳಿಂದ ಈ ಒಂದೇ ಹಾಡನ್ನು ಬೇರೆಯವರು ಮತ್ತೆ ಧ್ವನಿಮುದ್ರಿಸಿದ ಕವರ್‌ಗಳನ್ನು ಕೂಡಿಹಾಕುತ್ತ ಬಂದಿರುವ ತಾವು ಈ ಮೂರೂ ಮಾತುಗಳನ್ನು ಅಲ್ಲಗಳೆದಿದ್ದೀರಿ. ದಾಸರ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡಿದರೆ ನಕಲೆನ್ನದ ನಾವು ಇದನ್ನೇಕೆ ಹಾಗೆನ್ನಬೇಕು ಎಂದು ಕೇಳಿದ್ದೀರಿ. ಇದರ ಸಾಲನ್ನು ಎತ್ತಿಕೊಂಡ ಮೈಕಲ್ ಜಾಕ್ಸನ್ನರ ಹಾಡನ್ನು ಸಂಗ್ರಹದಲ್ಲಿ ಸೇರಿಸಬೇಕೇ ಬೇಡವೇ ಎಂಬುದು ತಮ್ಮ ಕೊನೆಯ ಪ್ರಶ್ನೆ.

ಮೊದಲ ಎರಡು ತಪ್ಪುಗಳನ್ನು ಒಪ್ಪಿಕೊಳ್ಳುತ್ತೇವೆ. ಹಾಡನ್ನು ಕಟ್ಟಿದ ಸ್ಯಾಕ್ಸೊಫೋನ್ ವಾದಕ ಮನು ದಿಬಾಂಗೊ 1933ರಲ್ಲಿ ಹುಟ್ಟಿದ್ದು ಕ್ಯಾಮರೂನಿನ ಬಂದರು ನಗರ ದುವಾಲಾದಲ್ಲಿ. ಹದಿನೈದನೆಯ ವಯಸ್ಸಿನಲ್ಲಿ, ಅಂದರೆ 1949ರಲ್ಲಿ, ಓದಲೆಂದು ಫ್ರಾನ್ಸಿಗೆ ಹಡಗು ಹತ್ತಿದಾಗ, ಅಲ್ಲಿ ಅವರನ್ನು ಮನೆಯಲ್ಲಿಟ್ಟುಕೊಳ್ಳುವವರಿಗೆ ಕೊಡಲೆಂದು ಜೊತೆಗೆ ಒಯ್ದದ್ದು ಮೂರು ಕಿಲೊ ಕಾಫಿ. ಮುಂದೆ ತಮ್ಮ ಆತ್ಮಕಥೆಗೂ ಅವರು ಅದನ್ನೇ ಹೆಸರಾಗಿ ಇಟ್ಟರು. ‘ಮಕೋಸಾ’ ಎನ್ನುವುದು ದುವಾಲಾ ಭಾಷೆಯ ಮಾತು, ಕುಣಿತಕ್ಕೆ ಸಂಬಂಧಿಸಿದ್ದು. ಆ ನಗರದಲ್ಲಿ ಬೆಳೆದ ಒಂದು ಸಂಗೀತಕ್ಕೂ ಅದೇ ಹೆಸರು. ದುವಾಲಾ ಮತ್ತು ಸ್ವಾಹಿಲಿ ಎರಡೂ ಬಾಂಟು ಗುಂಪಿನ ಭಾಷೆಗಳೇ ಆದರೂ, ಅಷ್ಟರಿಂದ ಒಂದನ್ನು ಇನ್ನೊಂದೆಂದು ಕರೆಯುವುದು ತುಳುವನ್ನು ತೆಲುಗೆಂದು ಕರೆದಷ್ಟೇ ತಪ್ಪು.

ನೈಜೀರಿಯಾ ಎಂದು ಹೇಗೆ ಬಂತೆಂದು ಟಿಪ್ಪಣಿ ಬರೆದವರನ್ನು ವಿಚಾರಿಸಿದೆ. ಅವರು ಮೊದಲು ಕೇಳಿದ್ದು ಬಾಬಾತುಂಡೆ ಒಲಾತುಂಜಿಯವರ 1973ರ ಧ್ವನಿಮುದ್ರಣವನ್ನು. ಒಲಾತುಂಜಿ ನೈಜೀರಿಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಹೆಸರಾಂತ ಡೋಲು ವಾದಕರು. ಹಾಡಿದವರ ಊರೇ ಹಾಡಿನ ಊರೆಂದು ನಮ್ಮವರು ಎಣಿಸಿಬಿಟ್ಟರು. ಒಂದು ಕವರ್ ಮೂಲವನ್ನು ಮರೆಸಿ ಅದರ ಜಾಗದಲ್ಲಿ ಕೂರುವುದೆಂದರೆ ಏನೆಂಬುದಕ್ಕೆ ನಮ್ಮ ಪತ್ರಿಕೆಯೇ ಉದಾಹರಣೆಯಾಯಿತಲ್ಲ ಎಂದು ಕಚೇರಿಯಲ್ಲಿ ನಾವೇ ನಕ್ಕೆವು.

‘ನಕಲು’ ಎಂಬ ಮಾತಿನ ವಿಷಯ ಇಷ್ಟು ಸುಲಭದ್ದಲ್ಲ. ಈ ಹಾಡಿನ ಮೂಲವೇ ಗ್ರಾಮಫೋನ್ ತಟ್ಟೆಯ ಹಿಂಬದಿಯಲ್ಲಿ ಬಂದದ್ದು. 1972ರಲ್ಲಿ ಎಂಟನೆಯ ಆಫ್ರಿಕನ್ ರಾಷ್ಟ್ರಗಳ ಫುಟ್‌ಬಾಲ್ ಕಪ್ ಕ್ಯಾಮರೂನಿನಲ್ಲಿ ನಡೆದಾಗ ಅದಕ್ಕೊಂದು ಗೀತೆ ಬೇಕಾಯಿತು. ದಿಬಾಂಗೊ ಅದನ್ನು ಮಾಡಿಕೊಟ್ಟರು. ತಟ್ಟೆಯ ಮುಂಬದಿಯಲ್ಲಿ ಆ ಗೀತೆ, ಹಿಂಬದಿಯಲ್ಲಿ ‘ಸೋಲ್ ಮಕೋಸಾ’. ಕ್ಯಾಮರೂನ್ ತಂಡ ಸೆಮಿಫೈನಲ್‌ನಲ್ಲಿ ಸೋತು ಮೂರನೆಯ ಸ್ಥಾನಕ್ಕೆ ತೃಪ್ತಿಪಟ್ಟಿತು, ಕಪ್ಪು ಕಾಂಗೊ ದೇಶದ ಪಾಲಾಯಿತು, ಮುಂಬದಿಯ ಗೀತೆ ಅಲ್ಲಿಗೇ ಮುಗಿಯಿತು. ಹಿಂಬದಿಯದನ್ನು ಹುಡುಕಿ ತೆಗೆದವರು ನ್ಯೂಯಾರ್ಕಿನ ಡೇವಿಡ್ ಮಂಕೂಸೊ. 1970ರಿಂದ ತಮ್ಮ ಮನೆಯಲ್ಲೇ ‘ಲಾಫ್ಟ್’ ಎಂಬ ಕುಣಿತದ ಕೂಟ ನಡೆಸುತ್ತಿದ್ದ ಮಂಕೂಸೊ ಅವರಿಗೆ, ಬ್ರೂಕ್ಲಿನ್ನಿನಲ್ಲಿ ವೆಸ್ಟ್ ಇಂಡೀಸ್ ಮೂಲದವರ ರೆಕಾರ್ಡು ಅಂಗಡಿಯೊಂದರಲ್ಲಿ ಫ್ರಾನ್ಸಿನ ‘ಫಿಯೆಸ್ಟಾ’ ಲೇಬಲ್ಲಿನ, ಅಂದರೆ ಧ್ವನಿಮುದ್ರಣ ಕಂಪನಿಯ, ಈ ತಟ್ಟೆ ಸಿಕ್ಕಿತು. ಅವರು ಅದನ್ನು ಕೂಟದಲ್ಲಿ ಹಾಕಿದರು. ಕುಣಿದವರು ಅಂಗಡಿಗಳಿಗೆ ಓಡಿದರು. ಆಮದಾಗಿದ್ದ ಪ್ರತಿಗಳು ನೋಡನೋಡುತ್ತಿದ್ದಂತೆ ಖಾಲಿಯಾದವು. ಡಬ್ಲ್ಯುಬಿಎಲ್‌ಎಸ್ ರೇಡಿಯೊದಲ್ಲಿ ನಿರೂಪಕ ಫ್ರಾಂಕಿ ಕ್ರಾಕರ್ ಅದನ್ನು ಮತ್ತೆ ಮತ್ತೆ ಹಾಕತೊಡಗಿದ ಮೇಲಂತೂ, ಊರೆಲ್ಲ ಕೇಳಿದ ಹಾಡು ಊರಿನ ಯಾವ ಅಂಗಡಿಯಲ್ಲೂ ಇಲ್ಲವೆಂಬ ವಿಚಿತ್ರ ಸ್ಥಿತಿ ಉಂಟಾಯಿತು.

ಕವರ್‌ಗಳು ಹುಟ್ಟಿದ್ದು ಈ ಕೊರತೆಯಿಂದ. ಕನಿಷ್ಠ 23 ತಂಡಗಳು ಆಗ ಈ ಹಾಡನ್ನು ಧ್ವನಿಮುದ್ರಿಸಿದವೆಂಬ ಲೆಕ್ಕ ರೂಢಿಯಲ್ಲಿದೆ. ಅದಕ್ಕೆ ಕಾನೂನೂ ಅನುಕೂಲವಾಗಿತ್ತು. ಅಮೆರಿಕದ 1909ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಒಂದು ಹಾಡನ್ನು ಧ್ವನಿಮುದ್ರಿಸಲು ಅದರ ಒಡೆಯ ಒಮ್ಮೆ ಒಪ್ಪಿದ ಮೇಲೆ, ಪ್ರತಿ ತಟ್ಟೆಗೆ 2 ಸೆಂಟು ತೆತ್ತು ಬೇರೆ ಯಾರು ಬೇಕಾದರೂ ಅದನ್ನು ಹಾಡಿ ಮಾರಬಹುದಿತ್ತು. ಅಟ್ಲಾಂಟಿಕ್ ಕಂಪನಿ ಮೂಲದ ಹಕ್ಕು ಪಡೆದು ಬಿಡುಗಡೆ ಮಾಡಿದ ಮೇಲೆ 1973ರ ಬೇಸಗೆಯಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 35ನೆಯ ಸ್ಥಾನಕ್ಕೇರಿತು. ಅದೇ ಬೇಸಗೆಯಲ್ಲಿ ‘ಆಫ್ರೀಕ್’ ಎಂಬ ತಂಡದ ಕವರ್ 47ರವರೆಗೆ ಬಂತು. ತಂಡವೆಂದು ಹೆಸರಷ್ಟೇ; ಬೇಸ್ ಗಿಟಾರಿನ ಚಕ್ ರೇನಿ, ಗಿಟಾರಿನ ಡೇವಿಡ್ ಟಿ. ವಾಕರ್ ಮುಂತಾದ ನುರಿತ ಸ್ಟುಡಿಯೊ ವಾದಕರನ್ನು ‘ಮೇನ್‌ಸ್ಟ್ರೀಮ್’ ಲೇಬಲ್ಲಿನವರು ಕೂಡಿಸಿ ಮಾಡಿಸಿದ ಕೆಲಸ ಅದು.

ಇದು ವ್ಯಾಪಾರವೇ, ಅದರಲ್ಲಿ ಮುಚ್ಚುಮರೆಯಿಲ್ಲ. ನಮ್ಮಲ್ಲಿ 1980ರ ದಶಕದ ಕ್ಯಾಸೆಟ್ಟುಗಳನ್ನು ಕೊಂಡವರಿಗೆ ಇದರ ಪರಿಚಯವಿದೆ: ಹೊದಿಕೆಯ ಮೇಲೆ ಚಿತ್ರದ ಹೆಸರು ಹೆಬ್ಬೆರಳ ಗಾತ್ರದಲ್ಲಿ, ಕೆಳಗೆ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಗಾಯಕರ ಹೆಸರು; ಮನೆಗೆ ತಂದು ಹಾಕಿದ ಮೇಲೆಯೇ ತಿಳಿಯುತ್ತಿತ್ತು, ಹಾಡಿದವರು ಬೇರೆಯವರೆಂದು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನಲ್ಲಿ ಇಂಥ ‘ವರ್ಷನ್’ ಧ್ವನಿಮುದ್ರಣಕ್ಕೆ ಆಸ್ಪದವಿತ್ತು. 2012ರ ತಿದ್ದುಪಡಿ ಬಂದ ಮೇಲೆ ಮೂಲ ಹೊರಬಂದು ಐದು ವರ್ಷ ಕಳೆಯುವವರೆಗೆ ಹಾಗೆ ಮಾಡುವಂತಿಲ್ಲ. ದಾಸರ ಪದಗಳ ಹೋಲಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಅವುಗಳ ಮೂಲ ಧಾಟಿ ಬಹುಪಾಲು ಕಳೆದೇ ಹೋಗಿರುವುದರಿಂದ ಪ್ರತಿ ಗಾಯಕರೂ ಹೊಸದಾಗಿ ರಾಗ ಕಟ್ಟಲೇಬೇಕು. ದಿಬಾಂಗೊ ಅವರ ತಟ್ಟೆ ಹಾಗಲ್ಲ, ಅದು ಕಣ್ಣೆದುರಿಗಿದೆ. ಯಾರು ಎಷ್ಟು ತೆಗೆದುಕೊಂಡರು, ಎಲ್ಲಿ ಜಾರಿದರು ಎಂದು ಪಕ್ಕಪಕ್ಕದಲ್ಲಿಟ್ಟು ಅಳೆಯಬಹುದು.

ಹಾಗೆ ಅಳೆಯಲು ಕೂತಾಗಲೇ ನನ್ನ ಅಭಿಪ್ರಾಯ ಬದಲಾಯಿತು. ಮೂಲದ ಹೃದಯವಿರುವುದು ಒಂದು ತೊದಲಿನಲ್ಲಿ. ‘ಮಕೋಸಾ’ ಎಂಬ ಒಂದೇ ಪದವನ್ನು ದಿಬಾಂಗೊ ಮುರಿದು, ತಿರುವಿ, ‘ಮಮಾ-ಕೊ, ಮಮಾ-ಸಾ, ಮಕೊ ಮಕೋಸಾ’ ಎಂದು ಒಡಕು ದನಿಯಲ್ಲಿ, ಹಾಡುವುದಕ್ಕೂ ಮಾತಾಡುವುದಕ್ಕೂ ನಡುವೆ ಎಲ್ಲೋ ನಿಂತು ಹೇಳುತ್ತಾರೆ. ಅವರು ಊರಿನ ಮನೆಯಲ್ಲಿ ಇದನ್ನು ಅಭ್ಯಾಸ ಮಾಡುವಾಗ, ಈತ ಮಕೋಸಾವನ್ನು ಹೀಗೆ ತೊದಲಿಸುತ್ತಾನಲ್ಲ ಎಂದು ನೆರೆಯ ಮಕ್ಕಳು ನಕ್ಕರಂತೆ. ಅದೊಂದು ಪದದ ಆಟವೆಂದು ಆ ಮಕ್ಕಳಿಗೆ ಗೊತ್ತಿತ್ತು. ಅಮೆರಿಕದ ಸ್ಟುಡಿಯೊದಲ್ಲಿ ಕೂತವರಿಗೆ ಅದು ಗೊತ್ತಿರಲಿಲ್ಲ. ಬೇಸ್ ಗಿಟಾರಿನ ನಡೆಯನ್ನು, ಸ್ಯಾಕ್ಸೊಫೋನಿನ ಆ ಚಿಕ್ಕ ತುಣುಕನ್ನು ಸ್ವರ ಬಿಡದಂತೆ ಎತ್ತಿಕೊಂಡವರು, ಭಾಷೆ ತಿಳಿಯದ ಆ ಜಾಗಕ್ಕೆ ಬಂದಾಗ ತಮ್ಮ ಕಿವಿಗೆ ಬಿದ್ದದ್ದನ್ನು ಹೇಳಿದರು. ಎಲ್ಲಿ ಒತ್ತು ಬೀಳಬೇಕು, ಎಲ್ಲಿ ಉಸಿರು ನಿಲ್ಲಬೇಕು ಎಂಬುದನ್ನು ಪ್ರತಿಯೊಬ್ಬರೂ ಊಹಿಸಬೇಕಾಯಿತು. ಕವರ್ ಸ್ವಂತದ್ದಾಗುವುದು ಈ ಊಹೆಯಲ್ಲಿ. ಆದ್ದರಿಂದ ‘ನಕಲು’ ಎಂಬ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ‘ಮಾರುಕಟ್ಟೆಯ’ ಎಂಬುದು ಹಾಗೆಯೇ ಇರಲಿ.

ತಮ್ಮ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲಾಫಯೆಟ್ ಆಫ್ರೊ ರಾಕ್ ಬ್ಯಾಂಡಿನದು. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಈ ಹುಡುಗರು 1971ರಲ್ಲಿ ಪ್ಯಾರಿಸ್ಸಿಗೆ ಹೋಗಿ, ಉತ್ತರ ಆಫ್ರಿಕಾದ ವಲಸಿಗರು ನೆಲೆಸಿದ ಬಾರ್ಬೆಸ್ ಬಡಾವಣೆಯಲ್ಲಿ ನುಡಿಸುತ್ತಿದ್ದರು. ಕ್ಯಾಮರೂನಿನವರೊಬ್ಬರು ಫ್ರಾನ್ಸಿನಲ್ಲಿ ಕುಳಿತು ಅಮೆರಿಕದ ಫಂಕ್ ಬೆರೆಸಿ ಮಾಡಿದ ಹಾಡನ್ನು, ಅಮೆರಿಕದ ಫಂಕ್ ವಾದಕರು ಅದೇ ಫ್ರಾನ್ಸಿನಲ್ಲಿ ಕುಳಿತು ಆಫ್ರಿಕಾದ ಕಡೆಗೆ ತಿರುಗಿಸಿದರು. 1973ರ ಅವರ ಆಲ್ಬಮ್ಮಿಗೂ ಹಾಡಿನದೇ ಹೆಸರು. ಅದೇ ತಟ್ಟೆಯಲ್ಲಿರುವ ‘ಹಿಹಾಶ್’ ಎಂಬ ಇನ್ನೊಂದು ರಚನೆಯ ಡ್ರಮ್ಮಿನ ತುಣುಕನ್ನು ಮುಂದೆ ಹಿಪ್‌ಹಾಪ್‌ನವರು ಲೆಕ್ಕವಿಲ್ಲದಷ್ಟು ಸಲ ಕತ್ತರಿಸಿ ಬಳಸಿದರು. ಕವರ್‌ಗಾಗಿ ಕೊಂಡ ತಟ್ಟೆಯ ಬೇರೆ ಹಾಡುಗಳನ್ನು ಕೇಳದೆ ಕಪಾಟಿಗೆ ಸೇರಿಸಬೇಡಿರೆಂದು ಹೇಳುವುದು ಇದಕ್ಕೇ.

ಫಾನಿಯಾ ಆಲ್ ಸ್ಟಾರ್ಸ್ ತಂಡದ ಧ್ವನಿಮುದ್ರಣ ಕವರ್ ಹೌದೋ ಅಲ್ಲವೋ ಎಂಬ ತಮ್ಮ ಅನುಮಾನ ನ್ಯಾಯವಾದದ್ದು. 1973ರಲ್ಲಿ ನ್ಯೂಯಾರ್ಕಿನ ಆ ಲ್ಯಾಟಿನ್ ತಂಡದೊಡನೆ ವೇದಿಕೆಯ ಮೇಲೆ ನಿಂತು ಸ್ಯಾಕ್ಸೊಫೋನ್ ನುಡಿಸಿದವರು ಸ್ವತಃ ದಿಬಾಂಗೊ. ಹಾಡು ಕಟ್ಟಿದವರೇ ನುಡಿಸಿದ್ದನ್ನು ಕವರ್ ಎನ್ನಲಾಗದು. ಆದರೆ ಕೊಂಗಾ, ಟಿಂಬಾಲೆ ಎಂಬ ಲ್ಯಾಟಿನ್ ಡೋಲುಗಳ ಆ ಹೊಡೆತದ ನಡುವೆ ಹಾಡು ಅವರದಾಗಿಯೂ ಉಳಿದಿಲ್ಲ. ‘ಕರ್ತೃವಿನ ಮರುಪ್ರಯೋಗ’ ಎಂದು ಬೇರೆ ಕಟ್ಟು ಮಾಡಿ, 1994ರ ‘ವಾಕಾಫ್ರಿಕಾ’ ಆಲ್ಬಮ್ಮಿನಲ್ಲಿ ಅವರು ಮತ್ತೆ ಮಾಡಿದ್ದನ್ನೂ ಅದರಲ್ಲಿಡಿ.

ಮೈಕಲ್ ಜಾಕ್ಸನ್ನರನ್ನು ಸಂಗ್ರಹದಲ್ಲಿ ಸೇರಿಸಬೇಡಿ, ಆದರೆ ಪಕ್ಕದಲ್ಲಿಡಿ. 1982ರ ‘ಥ್ರಿಲ್ಲರ್’ ಆಲ್ಬಮ್ಮಿನ ಮೊದಲ ಹಾಡಿನ ಕೊನೆಯಲ್ಲಿ ಬರುವುದು ಇದೇ ತೊದಲು, ‘ಕೊ’ ಹೋಗಿ ‘ಸೇ’ ಆಗಿದೆ, ‘ಕೋಸಾ’ ಹೋಗಿ ‘ಕೂಸಾ’ ಆಗಿದೆ. ಕವರ್ ಮಾಡಿದವರು ಲೇಬಲ್ಲಿನ ಮೇಲೆ ದಿಬಾಂಗೊ ಎಂದು ಅಚ್ಚು ಹಾಕಿ ಎರಡು ಸೆಂಟಿನ ಲೆಕ್ಕಕ್ಕೆ ಒಳಪಟ್ಟರು. ಇಲ್ಲಿ ಹೆಸರೂ ಇರಲಿಲ್ಲ, ಅನುಮತಿಯೂ ಇರಲಿಲ್ಲ. ದಿಬಾಂಗೊ ದಾವೆ ಹೂಡಿದ ಮೇಲೆ ವಿಷಯ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. 2007ರಲ್ಲಿ ಗಾಯಕಿ ರಿಹಾನಾ ಅವರ ಹಾಡಿನಲ್ಲಿ ಅದೇ ಸಾಲು ಮತ್ತೆ ಬಂದಾಗ, ಅವರು ಅನುಮತಿ ಕೇಳಿದ್ದು ಜಾಕ್ಸನ್ನರನ್ನು. 2009ರಲ್ಲಿ ಎಪ್ಪತ್ತೈದರ ವಯಸ್ಸಿನ ದಿಬಾಂಗೊ ಪ್ಯಾರಿಸ್ಸಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2020ರ ಮಾರ್ಚ್ 24ರಂದು ಕೋವಿಡ್ಡಿನಿಂದ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಪರಿಚಯಿಸಲು ಈ ಇಬ್ಬರ ಹೆಸರನ್ನೂ ಆಶ್ರಯಿಸಿದವು. ನಮ್ಮ ಪತ್ರಿಕೆಯೂ ಇದಕ್ಕೆ ಹೊರತಾಗಿರಲಿಲ್ಲ.

ಸಂಗ್ರಹದ ಕ್ರಮದ ಬಗ್ಗೆ ಒಂದೇ ಮಾತು, ಅದೂ ಸ್ವಂತ ಪೆಟ್ಟಿನಿಂದ ಕಲಿತದ್ದು. ಕೆಲವು ವರ್ಷಗಳ ಹಿಂದೆ ನಾನು ಹಳೆಯ ರೆಕಾರ್ಡು ಮಾರುವವರೊಬ್ಬರಿಂದ ದಿಬಾಂಗೊ ಅವರ ತಟ್ಟೆಯೆಂದು ನಂಬಿ ಒಂದನ್ನು ಕೊಂಡೆ. ಹೊದಿಕೆ ಸರಿಯಾದದ್ದೇ, ಒಳಗಿದ್ದ ತಟ್ಟೆ ಬೇರೆ. ಮಧ್ಯದ ಕಾಗದ ನೀರು ತಾಗಿ ಅಳಿಸಿದ್ದರಿಂದ ಅಂಗಡಿಯಲ್ಲಿ ಗೊತ್ತಾಗಲಿಲ್ಲ. ಮನೆಯಲ್ಲಿ ಮುಳ್ಳು ಇಟ್ಟು, ಗಿಟಾರಿನ ‘ವಾ-ವಾ’ ನಾದ ಮುಂದೆ ಬಂದು ಆ ಒಡಕು ದನಿ ಕೇಳದೇ ಹೋದಾಗಲೇ ಮೋಸಹೋದದ್ದು ತಿಳಿದದ್ದು. ಹೊದಿಕೆಯನ್ನು ನಂಬಬೇಡಿ, ಕೊನೆಯ ಗೀರಿಗೂ ಮಧ್ಯದ ಕಾಗದಕ್ಕೂ ನಡುವಿನ ನುಣುಪು ಜಾಗದಲ್ಲಿ ಕೊರೆದಿರುವ ಸಂಖ್ಯೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿ, ವಹಿಯಲ್ಲಿ ಅದನ್ನೇ ಬರೆದಿಡಿ.

ತಮ್ಮ ಪಟ್ಟಿಯಲ್ಲೂ ಒಂದು ತಿದ್ದುಪಡಿಯಾಗಬೇಕು. ಒಂಬತ್ತನೆಯ ಸಾಲಿನಲ್ಲಿ ‘ನೈರೋಬಿ, 1973, ಕೀನ್ಯಾ’ ಎಂದಿದೆ. ನೈರೋಬಿ ಆ್ಯಂಡ್ ದಿ ಆಸಮ್ ಫೋರ್‌ಸಮ್ ಎಂಬುದು ಅದರ ಪೂರ್ಣ ಹೆಸರು; ಅಮೆರಿಕದ ಸ್ಟ್ರೀಟ್‌ವೈಸ್ ಲೇಬಲ್ 1982ರಲ್ಲಿ ತಂದ, ಯಂತ್ರದ ತಾಳಕ್ಕೆ ರ‍್ಯಾಪ್ ಹೊಂದಿಸಿದ ತಟ್ಟೆ ಅದು. ಕ್ಯಾಮರೂನಿನ ಹಾಡಿಗೆ ಕೀನ್ಯಾದ ರಾಜಧಾನಿಯ ಹೆಸರು, ಕಂಸಾಳೆಯ ಪದ ಹಾಡುವ ತಂಡಕ್ಕೆ ಕಾಬೂಲ್ ಎಂದು ಹೆಸರಿಟ್ಟಂತೆ. ನಾವು ನೈಜೀರಿಯಾದಲ್ಲಿ ಬಿದ್ದ ಹೊಂಡದಲ್ಲೇ ತಾವೂ ಕಾಲಿಟ್ಟಿದ್ದೀರಿ. ಹನ್ನೆರಡನೆಯ ಸಾಲಿನಲ್ಲಿ ‘ಹೆಸರಿಲ್ಲದ ತಂಡ, ಲೇಬಲ್ ಹರಿದಿದೆ’ ಎಂದು ಬರೆದಿದ್ದೀರಿ. ಉಳಿದಿರುವ ಚೂರಿನ ಮೇಲೆ ‘ಮೇನ್‌ಸ್ಟ್ರೀಮ್’ ಎಂಬುದರ ಯಾವುದಾದರೂ ಎರಡು ಅಕ್ಷರ ಕಂಡರೆ ಅದು ಆಫ್ರೀಕ್ ತಂಡದ್ದೇ ಇರಬೇಕು. ನೋಡಿ ಒಂದು ಕಾರ್ಡು ಬರೆಯಿರಿ; ಮುಂದಿನ ಸಂಚಿಕೆಯ ತಿದ್ದುಪಡಿಯ ಜೊತೆಗೆ ಅದನ್ನೂ ಸೇರಿಸುತ್ತೇವೆ.

ಸಂಪಾದಕ