ಹಳೆಯ ಡೀಸೆಲ್ ವಾಹನಕ್ಕೆ ಬ್ಯಾಟರಿ ಕೊಳ್ಳುವ ಮೊದಲು ಕೇಬಲ್ ಅಳೆದು ನೋಡಿ

ಇಪ್ಪತ್ತು ವರ್ಷ ದಾಟಿದ ನಿಮ್ಮ ಡೀಸೆಲ್ ಪಿಕಪ್ ಬೆಳಗಿನ ಹೊತ್ತು ನಿಧಾನವಾಗಿ ತಿರುಗಿ ಕಷ್ಟಪಟ್ಟು ಸ್ಟಾರ್ಟ್ ಆಗುತ್ತಿದೆ ಎಂದಿದ್ದೀರಿ. ಜಾಗಕ್ಕೆ ಹಿಡಿಸುವಷ್ಟು ದೊಡ್ಡ ಆಂಪಿಯರ್-ಅವರ್‌ನ ಬ್ಯಾಟರಿ ಹಾಕಿದರೆ ಸಾಕೇ, ಕೇಬಲ್‌ಗಳನ್ನೂ ಬದಲಾಯಿಸಬೇಕೇ, ಬದಲಾಯಿಸುವುದಾದರೆ ಎಷ್ಟು ದಪ್ಪದ್ದು ಬೇಕು ಎಂದು ಕೇಳಿದ್ದೀರಿ. ಹಳೆಯ ಡೀಸೆಲ್ ವಾಹನಗಳ ವಯರಿಂಗ್ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದವನಾಗಿ ನನ್ನ ಉತ್ತರ ಇಷ್ಟು: ಬ್ಯಾಟರಿ ಹೊಸದು ಬೇಕಾಗಬಹುದು, ಆದರೆ ಕೇಬಲ್‌ಗಳನ್ನು ಅಳೆದು ನೋಡದೆ ಬ್ಯಾಟರಿಗೆ ಹಣ ಹಾಕಬೇಡಿ. ಅದರಲ್ಲೂ ಯಾರೂ ತಿರುಗಿ ನೋಡದ ಅರ್ತ್ ಕೇಬಲ್ಲನ್ನು, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಹಿಂದಿರುಗುವ ಕೇಬಲ್ಲನ್ನು, ಎಲ್ಲಕ್ಕಿಂತ ಮೊದಲು ನೋಡಿ.

ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಹುಟ್ಟಿಸಿದ ಬಿಸಿಯಲ್ಲೇ ಇಂಧನ ಹೊತ್ತಿಕೊಳ್ಳಬೇಕು. ಆದ್ದರಿಂದಲೇ ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಗಾಳಿಯನ್ನು ಸಾಮಾನ್ಯವಾಗಿ 18ರಿಂದ 22 ಪಟ್ಟು ಕುಗ್ಗಿಸಲಾಗುತ್ತದೆ. ಇಷ್ಟು ಒತ್ತಡಕ್ಕೆ ಎದುರಾಗಿ ಎಂಜಿನ್ನನ್ನು ಚುರುಕಾಗಿ ತಿರುಗಿಸದಿದ್ದರೆ, ಒತ್ತಿದ ಗಾಳಿಯ ಬಿಸಿ ತಣ್ಣಗಿನ ಸಿಲಿಂಡರ್ ಗೋಡೆಗೆ ಹರಿದುಹೋಗಿ, ಎಂಜಿನ್ ತಿರುಗುತ್ತಲೇ ಇದ್ದರೂ ಹೊತ್ತಿಕೊಳ್ಳುವುದಿಲ್ಲ. ಸೆಲ್ಫ್ ಮೋಟಾರು ಈ ಕೆಲಸಕ್ಕೆ 200ರಿಂದ 400 ಆಂಪಿಯರ್‌ವರೆಗೆ ಎಳೆಯುವುದು ಸಾಮಾನ್ಯ, ಮೊದಲ ಕ್ಷಣದಲ್ಲಿ ಅದಕ್ಕಿಂತಲೂ ಹೆಚ್ಚು. ಅದಕ್ಕೂ ಮುಂಚೆ, ತಣ್ಣಗಿನ ಎಂಜಿನ್ನಿನ ಒಳಗನ್ನು ಬಿಸಿ ಮಾಡಿಕೊಡುವ ಹೀಟರ್ ಪ್ಲಗ್‌ಗಳು ತಲಾ ಹತ್ತು ಆಂಪಿಯರ್‌ಗೆ ಕಡಿಮೆಯಿಲ್ಲದಂತೆ ಕೆಲವು ಸೆಕೆಂಡು ಎಳೆದಿರುತ್ತವೆ. ಹೀಟರ್ ಪ್ಲಗ್‌ಗೆ ತಲುಪುವ ವೋಲ್ಟೇಜು ಶೇಕಡಾ 10ರಷ್ಟು ಇಳಿದರೆ ಅದರ ಬಿಸಿ ಶೇಕಡಾ 10ರಷ್ಟಲ್ಲ, ಸುಮಾರು ಶೇಕಡಾ 19ರಷ್ಟು ಇಳಿಯುತ್ತದೆ. ಹೀಗಾಗಿ ಪೆಟ್ರೋಲ್ ವಾಹನದಲ್ಲಿ ಗಮನಕ್ಕೇ ಬಾರದಷ್ಟು ಸಣ್ಣ ವೋಲ್ಟೇಜ್ ನಷ್ಟ ಡೀಸೆಲ್‌ನಲ್ಲಿ ಬೆಳಗಿನ ತೊಂದರೆಯಾಗಿ ಎದ್ದು ಕಾಣುತ್ತದೆ.

ಅಳತೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ವಾಹನ ರಾತ್ರಿಯಿಡೀ ನಿಂತ ಮೇಲೆ, ಏನನ್ನೂ ಆನ್ ಮಾಡದೆ ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆದಾಗ 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಅದು ಪೂರ್ತಿ ಚಾರ್ಜ್ ಆಗಿದೆ, 12.2ರ ಆಸುಪಾಸಿನಲ್ಲಿದ್ದರೆ ಅರ್ಧ ಖಾಲಿಯಾಗಿದೆ, ಅದನ್ನು ಮೊದಲು ಚಾರ್ಜ್ ಮಾಡದೆ ಮುಂದಿನ ಅಳತೆಗೆ ಅರ್ಥವಿಲ್ಲ. ಆಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಡೀಸೆಲ್ ಪಂಪಿನ ಮೇಲಿರುವ, ಇಂಧನವನ್ನು ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್‌ನ ವಯರನ್ನು ಬಿಚ್ಚಿ ಅದರ ತುದಿಗೆ ಟೇಪ್ ಸುತ್ತಿದರೆ, ಎಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗುತ್ತದೆ. ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ, ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನಡುವೆ ಸೆಲ್ಫ್ ಮೋಟಾರು ಆರಲು ಒಂದೆರಡು ನಿಮಿಷ ಬಿಡಿ.

ಹೀಗೆ ತಿರುಗುತ್ತಿರುವಾಗ ಮೂರು ಅಳತೆ ತೆಗೆದುಕೊಳ್ಳಬೇಕು. ಮೊದಲನೆಯದು ಬ್ಯಾಟರಿಯ ಎರಡು ಸೀಸದ ಕಂಬಗಳ ನಡುವಿನದು. ಹದವಾದ ಹವೆಯಲ್ಲಿ ಅದು 9.6 ವೋಲ್ಟ್‌ಗಿಂತ ಕೆಳಗಿಳಿಯಬಾರದು. ಎರಡನೆಯದಕ್ಕೆ ಮೀಟರಿನ ಒಂದು ಕಡ್ಡಿಯನ್ನು ಪಾಸಿಟಿವ್ ಕಂಬದ ಮೇಲೆ, ಇನ್ನೊಂದನ್ನು ಸೆಲ್ಫ್ ಮೋಟಾರಿನಲ್ಲಿ ಬ್ಯಾಟರಿ ಕೇಬಲ್ ಬಂದು ಸೇರುವ ದಪ್ಪ ಬೋಲ್ಟಿನ ಮೇಲೆ ಇಡಿ. ಕೀ ತಿರುಗಿಸುವ ಮುನ್ನ ಸೊನ್ನೆ ತೋರಿಸುವ ಮೀಟರು, ತಿರುಗಿಸಿದಾಗ ಆ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜನ್ನು ನೇರವಾಗಿ ಹೇಳುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಆ ಕಡೆ ದೋಷವಿದೆ. ಮೂರನೆಯದು ನೆಗೆಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ಮೈಗೆ, ಇಲ್ಲಿ 0.3 ವೋಲ್ಟ್ ದಾಟಬಾರದು. ಕಡ್ಡಿಯನ್ನು ಕ್ಲ್ಯಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ ಒತ್ತಬೇಕು, ಏಕೆಂದರೆ ಎಷ್ಟೋ ಸಲ ದೋಷ ಇರುವುದು ಅವೆರಡರ ನಡುವಿನ ಕಣ್ಣಿಗೆ ಕಾಣದ ಪದರದಲ್ಲಿ. ಒಟ್ಟು ಒಂದು ವೋಲ್ಟ್ ಕಳೆಯುತ್ತಿದ್ದರೆ, 300 ಆಂಪಿಯರ್‌ನಲ್ಲಿ 300 ವ್ಯಾಟ್ ಬರೀ ಕೇಬಲ್ಲನ್ನು ಬಿಸಿ ಮಾಡಲು ಹೋಗುತ್ತಿದೆ ಎಂದರ್ಥ. ಎಷ್ಟು ದೊಡ್ಡ ಬ್ಯಾಟರಿ ತಂದರೂ ಇದು ಸರಿಹೋಗುವುದಿಲ್ಲ. ಮೂರೂ ಅಳತೆ ಸರಿಯಿದ್ದೂ ಎಂಜಿನ್ ನಿಧಾನವಾಗಿ ತಿರುಗಿದರೆ ಆಗ ಸೆಲ್ಫ್ ಮೋಟಾರಿನ ಬುಷ್, ಬ್ರಷ್‌ಗಳನ್ನು ಅನುಮಾನಿಸಿ.

ಅರ್ತ್ ವಿಷಯದಲ್ಲಿ ನಾನು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಪಾಸಿಟಿವ್ ಕೇಬಲ್ಲಿನಲ್ಲಿ ಎಷ್ಟು ಕರೆಂಟು ಹೋಗುತ್ತದೆಯೋ ಅಷ್ಟೇ ಕರೆಂಟು ಹಿಂದಿರುಗಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯದು. ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ತುಕ್ಕು ಹಿಡಿದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ, ಆಕ್ಸಿಲರೇಟರ್ ತಂತಿ, ಕ್ಲಚ್ ಕೇಬಲ್ ಎಂದು ಎಲ್ಲೆಂದರಲ್ಲಿ. ಸೆಲ್ಫ್ ಹೊಡೆದ ಕೂಡಲೇ ಆಕ್ಸಿಲರೇಟರ್ ಕೇಬಲ್ ಮುಟ್ಟಿದಾಗ ಬಿಸಿಯಾಗಿದ್ದ, ಅದರ ಒಳಗಿನ ಪ್ಲಾಸ್ಟಿಕ್ ಕರಗಿ ಪೆಡಲ್ ಬಿಗಿಯಾಗಿದ್ದ ವಾಹನಗಳು ನನ್ನ ಕೈಗೆ ಬಂದಿವೆ. ಮಾಲೀಕರು ಪೆಡಲ್ ತೊಂದರೆ ಎಂದು ತಂದಿದ್ದರು. ಆದ್ದರಿಂದ ಬ್ಯಾಟರಿಯ ನೆಗೆಟಿವ್‌ನಿಂದ ಒಂದು ದಪ್ಪ ಕೇಬಲ್ ನೇರವಾಗಿ ಎಂಜಿನ್ ಬ್ಲಾಕಿಗೆ, ಸಾಧ್ಯವಾದರೆ ಸೆಲ್ಫ್ ಮೋಟಾರನ್ನು ಹಿಡಿದಿರುವ ಬೋಲ್ಟಿಗೇ ಹೋಗಲಿ. ಚಾಸಿಗೂ ಬಾಡಿಗೂ ಬೇರೆ ಕೇಬಲ್‌ಗಳಿರಲಿ. ಕೇಬಲ್ ತುದಿಯ ಲೋಹದ ಬಳೆ, ಅಂದರೆ ಲಗ್, ಕೂರುವ ಜಾಗದಲ್ಲಿ ಬಣ್ಣ, ತುಕ್ಕುಗಳನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿದ ನಂತರ ಮೇಲಿನಿಂದ ಗ್ರೀಸ್ ಸವರಿ.

ಕೇಬಲ್ ದಪ್ಪವನ್ನು ಮೇಲಿನ ಕವಚ ನೋಡಿ ನಿರ್ಧರಿಸಬಾರದು. ದಪ್ಪ ಪ್ಲಾಸ್ಟಿಕ್ಕಿನೊಳಗೆ ತೆಳ್ಳನೆಯ ತಾಮ್ರ ಇಟ್ಟು ಮಾರುವುದು ಬಹಳ. ಕೇಳಬೇಕಾದದ್ದು ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ, ಚದರ ಮಿಲಿಮೀಟರ್ ಲೆಕ್ಕದಲ್ಲಿ. 300 ಆಂಪಿಯರ್ ಹರಿಯುವಾಗ 25 ಚದರ ಮಿಲಿಮೀಟರಿನ ತಾಮ್ರದಲ್ಲಿ ಪ್ರತಿ ಮೀಟರಿಗೆ ಸುಮಾರು 0.21 ವೋಲ್ಟ್, 35ರಲ್ಲಿ 0.15, 50ರಲ್ಲಿ 0.1 ವೋಲ್ಟ್ ಕಳೆಯುತ್ತದೆ. ಬ್ಯಾಟರಿ ಬಾನೆಟ್ ಕೆಳಗೇ ಇದ್ದು ಪಾಸಿಟಿವ್ ಕೇಬಲ್ ಒಂದು ಮೀಟರ್ ಆಸುಪಾಸಿನಲ್ಲಿದ್ದರೆ, ನಿಮ್ಮದರಂಥ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ನಾನು ಎರಡೂ ಕಡೆ 50 ಚದರ ಮಿಲಿಮೀಟರ್ ಹಾಕುತ್ತೇನೆ. ಬ್ಯಾಟರಿ ಸೀಟಿನ ಕೆಳಗೋ ಹಿಂಬದಿಯಲ್ಲೋ ಇದ್ದರೆ 70. ಕಂಪನಿಯವರು ಕೊಟ್ಟದ್ದಕ್ಕಿಂತ ದಪ್ಪವಾದರೆ ಹಾನಿಯೇನಿಲ್ಲ, ಬಗ್ಗಿಸುವುದು ಸ್ವಲ್ಪ ಕಷ್ಟ ಅಷ್ಟೆ. ಸಣ್ಣ ಎಳೆಗಳು ಹೆಚ್ಚಿರುವ ವೆಲ್ಡಿಂಗ್ ಕೇಬಲ್ ಚೆನ್ನಾಗಿ ಬಾಗುತ್ತದೆ, ಆದರೆ ಅದರ ಕವಚ ಎಣ್ಣೆ ಮತ್ತು ಬಿಸಿಯನ್ನು ತಡೆಯುತ್ತದೆಯೇ ಎಂದು ಖಚಿತಪಡಿಸಿಕೊಂಡೇ ಕೊಳ್ಳಿ.

ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ ಕೇಬಲ್ಲಿನ ಬಗ್ಗೆ ಎಚ್ಚರವಿರಲಿ. ಅದು ನೋಡಲು ಥೇಟ್ ತಾಮ್ರದಂತೆಯೇ ಇದ್ದರೂ ಕರೆಂಟು ಹರಿಸುವ ಶಕ್ತಿ ಅದೇ ದಪ್ಪದ ತಾಮ್ರದ ಮೂರನೇ ಎರಡು ಪಾಲಿನಷ್ಟು, ಮತ್ತು ತೇವದಲ್ಲಿ ಬೇಗ ಹಾಳಾಗುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬಿಳಿ ಕಂಡರೆ ಅಲ್ಯುಮಿನಿಯಂ. ತವರದ ಲೇಪವಿರುವ ಒಳ್ಳೆಯ ಕೇಬಲ್ ಮೇಲೆ ಬಿಳಿಯಾಗಿ ಕಂಡರೂ ಕೆರೆದಾಗ ಒಳಗೆ ಕೆಂಪಗಿರುತ್ತದೆ. ಲಗ್‌ಗಳನ್ನು ಸುತ್ತಿಗೆಯಿಂದ ಜಜ್ಜಿಸಬೇಡಿ, ಹೈಡ್ರಾಲಿಕ್ ಕ್ರಿಂಪಿಂಗ್ ಉಪಕರಣದಲ್ಲಿ ಒತ್ತಿಸಿ. ಬರೀ ಬೆಸುಗೆ ಹಾಕಿದರೆ ಅದು ಎಳೆಗಳ ನಡುವೆ ಮೇಲಕ್ಕೇರಿ ಕೇಬಲ್ಲನ್ನು ಗಡುಸು ಮಾಡುತ್ತದೆ, ಡೀಸೆಲ್ ಎಂಜಿನ್ನಿನ ನಡುಕಕ್ಕೆ ಅದು ಮುರಿಯುವುದು ಸರಿಯಾಗಿ ಅಲ್ಲೇ. ಲಗ್ಗಿನ ಕುತ್ತಿಗೆಗೆ, ಒಳಮೈಗೆ ಅಂಟು ಸವರಿರುವ ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿದರೆ ಆಸಿಡ್ ಹೊಗೆ ಒಳಗೆ ಇಳಿಯುವುದಿಲ್ಲ. ಇದಿಲ್ಲದ ಹಳೆಯ ಕೇಬಲ್ಲನ್ನು ತುದಿಯಿಂದ ನಾಲ್ಕು ಬೆರಳಿನಷ್ಟು ಸಿಗಿದರೆ, ಹೊರಗೆ ಹೊಸದರಂತಿದ್ದರೂ ಒಳಗಿನ ಎಳೆಗಳು ಕಪ್ಪಾಗಿ, ಹಸಿರು ಪುಡಿ ಕಟ್ಟಿರುವುದನ್ನು ನೀವೇ ನೋಡಬಹುದು. ಅಂಥದ್ದನ್ನು ಉಜ್ಜಿ ಉಳಿಸಿಕೊಳ್ಳುವ ಪ್ರಯತ್ನ ಬೇಡ. ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋಗುವ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಆದ್ದರಿಂದ ಅದು ಸೈಲೆನ್ಸರ್ ಪೈಪಿನಿಂದ ದೂರವಿರಬೇಕು, ತಗಡು ದಾಟುವಲ್ಲಿ ರಬ್ಬರ್ ಬುಷ್ ಇರಬೇಕು, ಎಲ್ಲೂ ಜೋತಾಡಬಾರದು.

ಈಗ ಬ್ಯಾಟರಿ. ಆಂಪಿಯರ್-ಅವರ್ ಎನ್ನುವುದು ನಿಧಾನವಾಗಿ ಎಳೆದಾಗ ಎಷ್ಟು ಹೊತ್ತು ಬರುತ್ತದೆ ಎಂಬುದರ ಲೆಕ್ಕ: 100 ಆಂಪಿಯರ್-ಅವರ್ ಎಂದರೆ 5 ಆಂಪಿಯರ್‌ನಂತೆ 20 ಗಂಟೆ. ನಿಮಗೆ ಬೇಕಾದದ್ದು ಕೆಲವೇ ಸೆಕೆಂಡುಗಳ ಭಾರೀ ಕರೆಂಟು, ಅದನ್ನು ಹೇಳುವುದು ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್. ಇದನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಅಳೆಯುತ್ತಾರೆ; ಎಸ್‌ಎಇ ಮತ್ತು ಇಎನ್ ಎಂಬ ಎರಡು ಮಾನದಂಡಗಳ ವಿಧಾನ ಬೇರೆ ಬೇರೆಯಾದ್ದರಿಂದ ಹೋಲಿಸುವಾಗ ಎರಡೂ ಬ್ಯಾಟರಿಗಳ ಸಂಖ್ಯೆ ಒಂದೇ ಮಾನದಂಡದ್ದಾಗಿರಲಿ. ವಾಹನದ ಕೈಪಿಡಿಯಲ್ಲಿ ಹೇಳಿದಷ್ಟು ಅಥವಾ ಸ್ವಲ್ಪ ಹೆಚ್ಚಿನದನ್ನು ಆರಿಸಿ. ಹೆಚ್ಚಿನದು ಹಾಕಿದರೆ ಸೆಲ್ಫ್ ಸುಟ್ಟುಹೋಗುತ್ತದೆ ಎಂಬ ಮಾತು ನಿಜವಲ್ಲ, ಮೋಟಾರು ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಆದರೆ ಟ್ರೇಯಲ್ಲಿ ಕೂರದ, ಮೇಲಿನ ಪಟ್ಟಿಯಿಂದ ಬಿಗಿಯಲಾಗದ ದೊಡ್ಡ ಬ್ಯಾಟರಿ ಬೇಡವೇ ಬೇಡ, ನಡುಕಕ್ಕೆ ಅದರ ಪ್ಲೇಟುಗಳ ಮೇಲಿನ ಲೇಪ ಬೇಗ ಉದುರುತ್ತದೆ.

ಎಜಿಎಂ ಬ್ಯಾಟರಿಯ, ಅಂದರೆ ಆಸಿಡ್ಡನ್ನು ಗಾಜಿನ ನಾರಿನ ಹಾಳೆಗಳಲ್ಲಿ ಹೀರಿಸಿ ಮುಚ್ಚಿರುವ ಬ್ಯಾಟರಿಯ, ಆಸೆ ನಿಮಗೂ ಬಂದಿರಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೋಲ್ಟೇಜು ಅಳೆಯಿರಿ. ಬ್ಯಾಟರಿಯನ್ನು ಚಾರ್ಜ್ ಮಾಡುವ ಹಳೆಯ ಆಲ್ಟರ್ನೇಟರುಗಳು ಅನೇಕ ವೇಳೆ 13.8ರಿಂದ 14.2 ವೋಲ್ಟ್ ಕೊಡುತ್ತವೆ, ಎಜಿಎಂಗೆ 14.4 ಅಥವಾ ಅದಕ್ಕಿಂತ ಹೆಚ್ಚು ಬೇಕು, ಬಾನೆಟ್ ಒಳಗಿನ ಸೆಕೆಯೂ ಅದಕ್ಕೆ ಆಗದು. ಆದ್ದರಿಂದ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕಬಹುದಾದ ಸಾಧಾರಣ ಬ್ಯಾಟರಿಯನ್ನೇ ನಾನು ಇಂಥ ವಾಹನಗಳಿಗೆ ಹಾಕುವುದು. ಕೊಳ್ಳುವಾಗ ಪಾಸಿಟಿವ್ ಯಾವ ಬದಿಗಿದೆ, ಕಂಬಗಳು ದಪ್ಪನೆಯವೋ ತೆಳುವಿನವೋ ಎಂದು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ತೆಳು ಕಂಬಕ್ಕೆ ದೊಡ್ಡ ಕ್ಲ್ಯಾಂಪ್ ಎಷ್ಟು ಬಿಗಿದರೂ ಕೂರುವುದಿಲ್ಲ. ತಯಾರಾದ ತಿಂಗಳನ್ನೂ ನೋಡಿ, ಅಂಗಡಿಯಲ್ಲೇ ಆರು ತಿಂಗಳಿಗಿಂತ ಹೆಚ್ಚು ಕೂತಿದ್ದನ್ನು ಬಿಡಿ. ನಿಮ್ಮ ವಾಹನದಲ್ಲಿ ಎರಡು ಬ್ಯಾಟರಿಗಳಿದ್ದರೆ ಎರಡನ್ನೂ ಒಟ್ಟಿಗೆ, ಒಂದೇ ಮಾದರಿಯದನ್ನು ಹಾಕಿ. ಹಳೆಯದು ಹೊಸದನ್ನೂ ಬೇಗ ಹಾಳು ಮಾಡುತ್ತದೆ.

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಆಲ್ಟರ್ನೇಟರ್ ಪರೀಕ್ಷಿಸಲೆಂದು ಎಂಜಿನ್ ಓಡುತ್ತಿರುವಾಗ ಟರ್ಮಿನಲ್ ಕೀಳುವ ಹಳೆಯ ಪದ್ಧತಿ ಬೇಡ, ಆಗ ಏರುವ ವೋಲ್ಟೇಜಿಗೆ ಆಲ್ಟರ್ನೇಟರಿನ ಡಯೋಡುಗಳು ಸುಡಬಹುದು. ಎಲ್ಲ ಜೋಡಿಸಿದ ಮೇಲೆ ಅದೇ ಮೂರು ಅಳತೆಗಳನ್ನು ಮತ್ತೆ ತೆಗೆದು ಬರೆದಿಟ್ಟುಕೊಳ್ಳಿ. ಸೀಸ ಮೆತು ಲೋಹವಾದ್ದರಿಂದ ಒತ್ತಡಕ್ಕೆ ನಿಧಾನವಾಗಿ ಕುಗ್ಗುತ್ತದೆ. ಒಂದು ವಾರ ಓಡಿಸಿದ ನಂತರ ಎರಡೂ ಕ್ಲ್ಯಾಂಪುಗಳನ್ನು ಸ್ಪ್ಯಾನರಿನಿಂದ ಇನ್ನೊಮ್ಮೆ ಬಿಗಿಯಿರಿ.