ಬಾರದ ಬಸ್ಸು ಫೋನಿನಲ್ಲಿ ಬಂದದ್ದು ಹೇಗೆ?

ಓದುಗರ ಪತ್ರ: ಬಸ್ಸು ಇನ್ನು 4 ನಿಮಿಷದಲ್ಲಿ ಬರುತ್ತದೆ ಎಂದಿತು ಫೋನು. 3 ಆಯಿತು, 2 ಆಯಿತು, 1 ಆಯಿತು, ಆಮೇಲೆ ಸಾಲೇ ಮಾಯ. ಸ್ಟಾಪಿನಲ್ಲಿ ನಾನು, ನನ್ನ ಕೈಚೀಲ. ಉಪಗ್ರಹಕ್ಕೂ ಕಣ್ಣಿಗೆ ಪೊರೆ ಬಂದಿದೆಯೇ?
– ನಿವೃತ್ತ ಮೇಷ್ಟರು, ಬೆಂಗಳೂರು

ಸಂಪಾದಕರ ಉತ್ತರ: ಮೇಷ್ಟರೇ, ಪಾಪ, ಉಪಗ್ರಹವನ್ನು ಬಿಟ್ಟುಬಿಡಿ. ನಿಮ್ಮ ಫೋನು ಅಂದು ಓದಿ ಹೇಳಿದ್ದು ಬರೀ ವೇಳಾಪಟ್ಟಿಯನ್ನು ಎಂದು ನನ್ನ ಊಹೆ. 4, 3, 2, 1 ಎಂದು ಗಡಿಯಾರದಂತೆ ಇಳಿಯಿತಲ್ಲ, ಅದೇ ಗುರುತು. ನಮ್ಮ ರಸ್ತೆಯಲ್ಲಿ ನಿಜವಾದ ಬಸ್ಸು ಹಾಗೆ ಬರುವುದುಂಟೇ? ಒಂದು ಸಿಗ್ನಲ್ಲಿಗೆ 4 ಇದ್ದದ್ದು 6 ಆಗಬೇಕಿತ್ತು.

ಈ ಪಟ್ಟಿಗೂ ಒಂದು ಕಥೆಯಿದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್. ಕಾರಿಗೆ ದಾರಿ ತೋರಿಸುವ ನಕ್ಷೆ ಬಸ್ಸಿಗೇಕೆ ತೋರಿಸದು ಎಂದು ಅಲ್ಲಿನ ಬಿಬಿಯಾನಾ ಮೆಕ್‌ಹ್ಯೂ ಗೂಗಲ್‌ನವರನ್ನು ಕೇಳಿದರು. 2005ರಲ್ಲಿ ಅದರಿಂದ ಹುಟ್ಟಿದ್ದೇ ವೇಳಾಪಟ್ಟಿಯನ್ನು ಕಂಪ್ಯೂಟರಿಗೆ ಓದಿಸಲು ಇಂದು ಜಗತ್ತೆಲ್ಲ ಬಳಸುವ ಜಿಟಿಎಫ್‌ಎಸ್ ಎಂಬ ನಮೂನೆ. ಹೆಸರು ಕೇಳಿ ಹೆದರಬೇಡಿ, ಒಳಗಿರುವುದು ಅಲ್ಪವಿರಾಮ ಹಾಕಿ ಬರೆದ ಸಾದಾ ಕಡತಗಳು: ನಿಲ್ದಾಣಗಳು, ಮಾರ್ಗಗಳು, ಸುತ್ತುವಳಿಗಳು, ಯಾವ ಸುತ್ತುವಳಿ ಎಲ್ಲಿಗೆ ಎಷ್ಟು ಹೊತ್ತಿಗೆ ಎಂಬುದು. ನನಗೆ ತುಂಬ ಹಿಡಿಸಿದ್ದು, ಇದರಲ್ಲಿ 25:10 ಗಂಟೆಯೂ ಉಂಟು! ನಡುರಾತ್ರಿ ದಾಟಿ 1:10ಕ್ಕೆ ಬರುವ ಬಸ್ಸು ಹಿಂದಿನ ದಿನದ ಡ್ಯೂಟಿಗೇ ಸೇರಿದ್ದು ತಾನೆ? ಡಿಪೋದ ಈ ಲೆಕ್ಕವನ್ನು ಕಂಪ್ಯೂಟರೂ ಒಪ್ಪಿಕೊಂಡಿದೆ.

ಬಸ್ಸಿನ ಸದ್ಯದ ಸುದ್ದಿ ಹೇಳುವ ಇನ್ನೊಂದು ಭಾಗ 2011ರಲ್ಲಿ ಬಂತು. ಗೋಜಲು ಶುರುವಾಗುವುದು ಇಲ್ಲೇ. ಬಸ್ಸಿನಲ್ಲಿರುವ ಜಿಪಿಎಸ್ ಪೆಟ್ಟಿಗೆಗೆ ಗೊತ್ತಿರುವುದು 'ನಾನು ಇಲ್ಲಿದ್ದೇನೆ' ಎನ್ನುವುದಷ್ಟೇ. ಅದು ಇವತ್ತು ಯಾವ ಮಾರ್ಗದ ಎಷ್ಟನೆಯ ಸುತ್ತುವಳಿ ಎಂದು ಯಾರಾದರೂ ಕಂಪ್ಯೂಟರಿಗೆ ತಿಳಿಸಬೇಕು. ಬೆಳಿಗ್ಗೆ ಐದಕ್ಕೆ ಬಸ್ಸು ಕೆಟ್ಟಿತು, ಬದಲಿ ಬಸ್ಸು ಹೊರಟಿತು, ಕಂಪ್ಯೂಟರಿನಲ್ಲಿ ವಾಹನದ ನಂಬರು ಮಾತ್ರ ಬದಲಾಗಲಿಲ್ಲ ಅನ್ನಿ. ಆಗ ಬದಲಿ ಬಸ್ಸು ರಸ್ತೆಯಲ್ಲಿ ಹೆಸರಿಲ್ಲದೆ ಓಡುತ್ತದೆ, ಫೋನಿನ ಪಾಲಿಗೆ ಅದು ಇಲ್ಲವೇ ಇಲ್ಲ. ಚಾಲಕ ರಜೆಯಾಗಿ ಸುತ್ತುವಳಿಯೇ ರದ್ದಾದರೆ ಅದನ್ನು ತಿಳಿಸಲೂ ಈ ವ್ಯವಸ್ಥೆಯಲ್ಲಿ ಜಾಗವಿದೆ. ಯಾರೂ ನಮೂದಿಸದಿದ್ದರೆ ಎಷ್ಟೋ ಆ್ಯಪ್‌ಗಳು ಹಳೆಯ ವೇಳಾಪಟ್ಟಿಯನ್ನೇ ಮುಂದೆ ಹಿಡಿಯುತ್ತವೆ. ನಿಮಗೆ ಕಂಡದ್ದು ಅಂಥದೇ ಬಸ್ಸಿರಬೇಕು.

ಗೋಡೆ ತುಂಬ ಪರದೆ ಹಾಕಿದ ಕಂಟ್ರೋಲ್ ರೂಮಿಗಿಂತ, ಬೆಳಗಿನ ಜಾವ ಡಿಪೋದ ಮೇಜಿನಲ್ಲಿ ಆ ನಂಬರು ತಿದ್ದುವ ಒಬ್ಬ ಗುಮಾಸ್ತನಿಗೆ ಮೊದಲು ದುಡ್ಡು ಸುರಿಯಬೇಕು ಅನ್ನುವವನು ನಾನು. ಅಲ್ಲಿಯವರೆಗೆ, ನಿಮಿಷಗಳು ಏರುತ್ತ ಇಳಿಯುತ್ತ ಇದ್ದರೆ ನಂಬಿ. ಸರಾಗವಾಗಿ ಇಳಿದರೆ ಆಟೋ ಕಡೆಗೂ ಒಂದು ಕಣ್ಣಿರಲಿ. ಅಂದಹಾಗೆ, ಅವತ್ತು ಮನೆ ಹೇಗೆ ಸೇರಿದಿರಿ ಎಂದು ನೀವು ಬರೆಯಲೇ ಇಲ್ಲ.